ಮುಂಚಕ್ರಕ್ಕೆ ಬ್ರೇಕ್ ಬಂದಾಗ ಆಕ್ಸಲ್ ಏಕೆ ಬದಲಾಗಬೇಕಾಯಿತು?

ರೋಲ್ಸ್-ರಾಯ್ಸ್ ಸಿಲ್ವರ್ ಘೋಸ್ಟ್ ತಯಾರಿಕೆ 1906ರಲ್ಲೇ ಶುರುವಾದರೂ ಅದರ ಮುಂಚಕ್ರಗಳಿಗೆ ಬ್ರೇಕ್ ಬಂದದ್ದು 1924ರ ಹೊತ್ತಿಗೆ. ಇಟಲಿಯ ಕಾರು ಕಂಪನಿ ಇಸೊಟ್ಟಾ ಫ್ರಾಸ್ಕಿನಿ 1910ರಲ್ಲೇ ನಾಲ್ಕೂ ಚಕ್ರಕ್ಕೆ ಬ್ರೇಕ್ ಕೊಟ್ಟಿತ್ತು. 1919ರ ಹಿಸ್ಪಾನೊ-ಸುಯಿಜಾ ಎಚ್6 ಕಾರು ಅದಕ್ಕೆ ಸರ್ವೊ (ಚಾಲಕನ ಕಾಲಿನ ಬಲವನ್ನು ಹೆಚ್ಚಿಸುವ ವ್ಯವಸ್ಥೆ) ಸೇರಿಸಿತು. ಹಳೆಯ ಆಕ್ಸಲ್‌ಗೆ (ಎರಡೂ ಮುಂಚಕ್ರಗಳನ್ನು ಹೊರುವ ಅಡ್ಡತೊಲೆಗೆ) ಬ್ರೇಕ್ ಡ್ರಮ್ ಕೂರಿಸಿದರೆ ಸಾಲದೇ? ಸಾಲದು. ಬ್ರೇಕಿಲ್ಲದ ಆಕ್ಸಲ್ ಮುಖ್ಯವಾಗಿ ಬಾಗುವ ಹೊರೆ ಹೊರುತ್ತದೆ. ಬ್ರೇಕ್ ಹಾಕಿದರೆ ಅದರ ತುದಿಗಳು ತಿರುಚುತ್ತವೆ.

ಅಭ್ಯಾಸಕ್ಕೆ ಒಂದು ಲೆಕ್ಕ. ಕಾರಿನ ತೂಕ 2,000 ಕೆಜಿ, ಅದರಲ್ಲಿ ಮುಂದೆ 940 ಕೆಜಿ, ವೀಲ್‌ಬೇಸ್ (ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ) 3.66 ಮೀ, ಗುರುತ್ವ ಕೇಂದ್ರದ ಎತ್ತರ 0.75 ಮೀ ಎಂದಿಟ್ಟುಕೊಳ್ಳಿ. 0.5 ಜಿ (ಗುರುತ್ವ ವೇಗೋತ್ಕರ್ಷದ ಅರ್ಧದಷ್ಟು) ಬ್ರೇಕಿಂಗ್‌ನಲ್ಲಿ ಮುಂದಕ್ಕೆ ಸರಿಯುವ ತೂಕ 2,000 × 0.5 × 0.75 ÷ 3.66, ಅಂದರೆ ಸುಮಾರು 205 ಕೆಜಿ. ಮುಂದಿನ ಹೊರೆ 1,145 ಕೆಜಿ ಆಯಿತು. ಹೊರೆಗೆ ತಕ್ಕಂತೆ ಬ್ರೇಕ್ ಹಂಚಿದರೆ ಪ್ರತಿ ಮುಂಚಕ್ರಕ್ಕೆ ಸುಮಾರು 2,810 ನ್ಯೂಟನ್. ಚಕ್ರದ ತ್ರಿಜ್ಯ 0.42 ಮೀ, ತಿರುಚುವ ಟಾರ್ಕ್ 1,180 ನ್ಯೂಟನ್-ಮೀಟರ್.

ಈಗ 60 ಮಿಮೀ ಎತ್ತರ, 45 ಮಿಮೀ ಅಗಲದ ಐ-ಬೀಮ್ (ಅಡ್ಡ ಕತ್ತರಿಸಿದರೆ ಇಂಗ್ಲಿಷಿನ I ಆಕಾರ ಕಾಣುವ ತೊಲೆ) ತೆಗೆದುಕೊಳ್ಳಿ. ಮೇಲೆ-ಕೆಳಗಿನ ಅಡ್ಡಪಟ್ಟಿ (ಫ್ಲ್ಯಾಂಜ್) 10 ಮಿಮೀ, ನಡುವಿನ ನೆಟ್ಟಪಟ್ಟಿ (ವೆಬ್) 8 ಮಿಮೀ ದಪ್ಪ. ಹೆಚ್ಚುಕಡಿಮೆ ಅಷ್ಟೇ ಉಕ್ಕಿನ ದುಂಡು ಸರಳು 40 ಮಿಮೀ ವ್ಯಾಸದ್ದಾಗುತ್ತದೆ. ಆ ಟಾರ್ಕ್‌ಗೆ ಐ-ಬೀಮ್‌ನಲ್ಲಿ ಸುಮಾರು 320 ಮೆಗಾಪ್ಯಾಸ್ಕಲ್ ಒತ್ತಡ, ಸರಳಿನಲ್ಲಿ 94. ಬಾಗುವಿಕೆಯಲ್ಲಿ ಕತೆ ತಿರುಗುಮುರುಗು: ಐ-ಬೀಮ್ ಮೂರು ಪಟ್ಟಿಗಿಂತ ಹೆಚ್ಚು ಗಟ್ಟಿ.

ಎರಡೂ ಕಡೆಯ ಬ್ರೇಕ್ ಸಮನಾಗಿ ಹಿಡಿದರೆ ಟಾರ್ಕ್ ಸ್ಪ್ರಿಂಗ್ ಪ್ಯಾಡ್‌ನಲ್ಲೇ (ಆಕ್ಸಲ್ ಮೇಲೆ ಸ್ಪ್ರಿಂಗ್ ಕೂರುವ ಜಾಗದಲ್ಲೇ) ಲೀಫ್ ಸ್ಪ್ರಿಂಗ್‌ಗೆ ಇಳಿದುಬಿಡುತ್ತದೆ, ನಡುಭಾಗ ತಿರುಚುವುದಿಲ್ಲ. ಹಾಗಾಗಿ ನಡುವೆ ಐ-ಬೀಮ್ ಉಳಿಸಿಕೊಂಡು, ಪ್ಯಾಡ್‌ನಿಂದ ಕಿಂಗ್‌ಪಿನ್‌ವರೆಗೆ (ಸ್ಟೀರಿಂಗ್ ತಿರುಗಿಸಿದಾಗ ಮುಂಚಕ್ರ ಹೊರಳುವ ನಿಂತ ಕೀಲಿನವರೆಗೆ) ದುಂಡಗೆ ಅಥವಾ ಅಂಡಾಕಾರಕ್ಕೆ ಫೋರ್ಜ್ ಮಾಡುವುದು ಸರಿಯಾದ ದಾರಿ. ಅಲ್ಲಿ 40 ಮಿಮೀ ಸಾಕಾಗದು, ಬಾಗುವ ಹೊರೆಯೂ ಇದೆಯಲ್ಲ; 50 ಮಿಮೀ‌ನಿಂದ ಲೆಕ್ಕ ಶುರುಮಾಡಿ. ಆಕಾರ ಬದಲಾಗುವ ಜಾಗದಲ್ಲಿ ಚೂಪು ಮೂಲೆ ಬಿಟ್ಟರೆ ಬಿರುಕು ಹುಟ್ಟುವುದು ಅಲ್ಲಿಂದಲೇ.

ಸ್ಪ್ರಿಂಗ್‌ಗೆ ಇಳಿದ ಟಾರ್ಕ್ ಅದನ್ನು ಎಸ್ ಆಕಾರಕ್ಕೆ ಸುತ್ತುತ್ತದೆ. ಆಕ್ಸಲ್ ಚಕ್ರ ಉರುಳುವ ದಿಕ್ಕಿಗೇ ಹೊರಳಿ ಕಿಂಗ್‌ಪಿನ್‌ನ ಮೇಲ್ತುದಿ ಮುಂದಕ್ಕೆ ವಾಲುತ್ತದೆ. ಕ್ಯಾಸ್ಟರ್ (ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನ; ಚಕ್ರವನ್ನು ನೆಟ್ಟಗೆ ಓಡಿಸುವುದು ಇದೇ) ಕಡಿಮೆಯಾಗಿ, ನೆಟ್ಟಗೆ ಓಡಬೇಕಾದ ಹೊತ್ತಿನಲ್ಲೇ ಕಾರು ಅತ್ತಿತ್ತ ಹೊಯ್ದಾಡುತ್ತದೆ. ಸ್ಟೀರಿಂಗ್ ಆರ್ಮ್ ಕೂಡ ಆಕ್ಸಲ್ ಜೊತೆ ಹೊರಳುವುದರಿಂದ ಡ್ರ್ಯಾಗ್ ಲಿಂಕ್ (ಸ್ಟೀರಿಂಗ್‌ನಿಂದ ಆ ಆರ್ಮ್‌ಗೆ ಬರುವ ಸರಳು) ಎಳೆದಂತಾಗಿ, ಚಾಲಕ ಸ್ಟೀರಿಂಗ್ ಚಕ್ರ ಅಲುಗಿಸದಿದ್ದರೂ ಕಾರು ಒಂದು ಕಡೆಗೆ ತಿರುಗುತ್ತದೆ. ಇದನ್ನು ಬ್ರೇಕ್ ಹೊಂದಾಣಿಕೆಯ ದೋಷವೆಂದು ತಿಳಿದು ಶೂ ಸರಿಮಾಡುತ್ತಾ ಕೂರಬೇಡಿ. ಸ್ಪ್ರಿಂಗ್ ಗಟ್ಟಿಮಾಡಿ, ಇಲ್ಲವೇ ಆಕ್ಸಲ್ ಹೊರಳದಂತೆ ತಡೆಯುವ ಟಾರ್ಕ್ ರಾಡ್ ಕೊಡಿ. ಸ್ಪ್ರಿಂಗನ್ನು ಆಕ್ಸಲ್‌ಗೆ ಕಟ್ಟುವ ಯು-ಬೋಲ್ಟ್ ಬಿಗಿಯನ್ನೂ ನೋಡಿ.

ಕಿಂಗ್‌ಪಿನ್‌ನ ಎರಡು ಬುಷ್‌ಗಳ (ಪಿನ್ ಕೂರುವ ಲೋಹದ ಬಳೆಗಳ) ನಡುವೆ 140 ಮಿಮೀ ಅಂತರವಿದ್ದರೆ ಅದೇ ಟಾರ್ಕ್ ಒಂದೊಂದರ ಮೇಲೆ ಸುಮಾರು 8,400 ನ್ಯೂಟನ್ ಹೇರುತ್ತದೆ. ಸವೆತ ಹಿಂದುಮುಂದಿನ ದಿಕ್ಕಿನಲ್ಲಿ ಬೀಳುವುದರಿಂದ, ಚಕ್ರದ ಮೇಲೆ-ಕೆಳಗೆ ಹಿಡಿದು ಅಲುಗಿಸುವ ರೂಢಿಯ ಪರೀಕ್ಷೆಗೆ ಅದು ಸಿಗುವುದಿಲ್ಲ. ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಕಾರನ್ನು ಹಿಂದೆಮುಂದೆ ತಳ್ಳಲಿ, ಮೂರನೆಯವರು ಕಿಂಗ್‌ಪಿನ್ ತುದಿಯಲ್ಲಿ ಬೆರಳಿಟ್ಟು ನೋಡಲಿ: ಸಡಿಲವಿದ್ದರೆ ಬೆರಳಿಗೆ ತಾಗುತ್ತದೆ.