ಮಗು ಮಧ್ಯಾಹ್ನ ಮಲಗೋದು ಬಿಟ್ಟರೆ ಆ ಹೊತ್ತಿಗೆ ಏನು ಮಾಡೋದು?

ಪ್ರಶ್ನೆ: ಮಗಳಿಗೆ ಮೂರೂವರೆ ವರ್ಷ. ಈಚೆಗೆ ಮಧ್ಯಾಹ್ನ ಮಲಗುತ್ತಲೇ ಇಲ್ಲ. ಪಕ್ಕದಲ್ಲಿ ಮಲಗಿಕೊಂಡು ತಟ್ಟಿದರೂ ಗಂಟೆಗಟ್ಟಲೆ ಹೊರಳಾಡಿ ಎದ್ದು ಬರುತ್ತಾಳೆ. ಅಪ್ಪಿತಪ್ಪಿ ಮಲಗಿದ ದಿನ ರಾತ್ರಿ ಹತ್ತೂವರೆಯಾದರೂ ಕಣ್ಣು ಮುಚ್ಚಲ್ಲ. ಮಲಗದ ದಿನ ಸಂಜೆ ಐದಕ್ಕೆಲ್ಲ ರಚ್ಚೆ ಶುರು. ಒಂದು ವರ್ಷದ ತಮ್ಮ ಮಲಗುವುದೂ ಅದೇ ಹೊತ್ತಿಗೆ. ಇವಳನ್ನು ಬಲವಂತವಾಗಿ ಮಲಗಿಸಬೇಕಾ, ಇಲ್ಲ ಬಿಟ್ಟುಬಿಡಬೇಕಾ?

ಉತ್ತರ: ಮಲಗಿಸುವ ಪ್ರಯತ್ನ ಬಿಡಿ, ಆ ಹೊತ್ತನ್ನು ಮಾತ್ರ ಬಿಡಬೇಡಿ. ಊಟ ಆದ ಮೇಲೆ ಸ್ವಲ್ಪ ಹೊತ್ತು ಮಗಳು ಒಂದೇ ಜಾಗದಲ್ಲಿ, ತನ್ನ ಪಾಡಿಗೆ ತಾನು, ಗಲಾಟೆಯಿಲ್ಲದ ಆಟ ಆಡಿಕೊಂಡಿರಲಿ. ನಿದ್ದೆ ಬಂದರೆ ಮಲಗಲಿ, ಬಾರದಿದ್ದರೆ ಬೇಡ. ಮಗುವಿಗೆ ಜಾಗ ಕೊಡಬಹುದು, ಹೊತ್ತು ಗೊತ್ತು ಮಾಡಬಹುದು. ನಿದ್ದೆ ಬರಿಸುವುದು ಮಾತ್ರ ಯಾರ ಕೈಯಲ್ಲೂ ಇಲ್ಲ. ಮಲಗಿಸಲೇಬೇಕು ಅಂತ ಹಟಕ್ಕೆ ಬಿದ್ದರೆ ಮಧ್ಯಾಹ್ನ ಅಂದರೆ ಜಗಳ ಅಂತ ಮಗುವಿಗೆ ಅನ್ನಿಸಿಬಿಡುತ್ತದೆ. ಆಮೇಲೆ ರಾತ್ರಿ ಹಾಸಿಗೆ ಕಂಡರೂ ತಕರಾರು.

ಮೊದಲು ಒಂದನ್ನು ಖಚಿತ ಮಾಡಿಕೊಳ್ಳಿ: ಅವಳು ನಿಜವಾಗಿಯೂ ನಿದ್ದೆ ಬಿಡುತ್ತಿದ್ದಾಳಾ? ಎರಡು ವರ್ಷದ ಆಸುಪಾಸಿನ ಮಕ್ಕಳು ಕೆಲವು ದಿನ ಮಧ್ಯಾಹ್ನ ಮಲಗಲ್ಲ ಅಂತ ಹಟ ಮಾಡಿ, ಆಮೇಲೆ ತಾವಾಗಿಯೇ ಮೊದಲಿನಂತೆ ಮಲಗುವುದುಂಟು. ಆ ವಯಸ್ಸಿಗೆ ಪೂರ್ತಿ ಬಿಡುವ ಮಕ್ಕಳು ತೀರಾ ಕಡಿಮೆ. ಹೆಚ್ಚಿನವರು ಬಿಡುವುದು ಮೂರರಿಂದ ಐದು ವರ್ಷದ ಒಳಗೆ. ನೀವು ಬರೆದಿರುವ ಲಕ್ಷಣಗಳು, ಅಂದರೆ ಮಧ್ಯಾಹ್ನ ಹೊರಳಾಡುವುದು ಮತ್ತು ಮಲಗಿದ ದಿನ ರಾತ್ರಿ ತಡವಾಗುವುದು, ವಾರಗಟ್ಟಲೆ ಹೀಗೇ ಇದ್ದರೆ ಬಿಡುವ ಕಾಲ ಬಂದಿದೆ ಅಂತಲೇ ಅರ್ಥ. ಆದರೆ ಇದು ಒಂದೇ ಸಲಕ್ಕೆ ಆಗುವ ಕೆಲಸ ಅಲ್ಲ. ಎರಡು ದಿನ ಮಲಗದೆ ಇದ್ದವಳು ಮೂರನೇ ದಿನ ಊಟದ ತಟ್ಟೆ ಮುಂದೆಯೇ ತೂಕಡಿಸಬಹುದು. ಈ ಹಿಂದುಮುಂದು ತಿಂಗಳುಗಟ್ಟಲೆ ನಡೆಯುತ್ತದೆ.

ಹೀಗೇಕೆ ಆಗುತ್ತದೆ? ಎಚ್ಚರ ಇದ್ದಷ್ಟು ಹೊತ್ತೂ ಮೆದುಳಿನಲ್ಲಿ ನಿದ್ದೆಯ ಒತ್ತಡ ಏರುತ್ತಾ ಹೋಗುತ್ತದೆ, ಮಲಗಿದಾಗ ಇಳಿಯುತ್ತದೆ. ಚಿಕ್ಕ ಮಗುವಿನಲ್ಲಿ ಇದು ಏರುವುದು ಬೇಗ, ಹಾಗಾಗಿ ಮಧ್ಯಾಹ್ನಕ್ಕೆಲ್ಲ ಕಣ್ಣು ಎಳೆಯುತ್ತದೆ. ಬೆಳೆದ ಹಾಗೆ ನಿಧಾನವಾಗಿ ಏರುತ್ತದೆ. ಈಗ ಮಧ್ಯಾಹ್ನ ಮಲಗಿ ಇದ್ದಬದ್ದ ಒತ್ತಡವನ್ನೂ ಕಳೆದುಕೊಂಡರೆ ರಾತ್ರಿಗೆ ಏನು ಉಳಿಯಿತು? ಹತ್ತೂವರೆಯ ಕುಣಿದಾಟಕ್ಕೆ ಕಾರಣ ಇದೇ, ಅವಳ ತುಂಟತನ ಅಲ್ಲ.

ನೆನಪಿನ ಶಕ್ತಿಗೂ ಇದಕ್ಕೂ ನಂಟಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ (ಆಮ್ಹರ್ಸ್ಟ್) ರೆಬೆಕಾ ಸ್ಪೆನ್ಸರ್ ಮತ್ತು ಅವರ ತಂಡ 2013ರಲ್ಲಿ ಪುಟ್ಟ ಮಕ್ಕಳಿಗೆ ಚಿತ್ರ ಎಲ್ಲಿತ್ತು ಅಂತ ನೆನಪಿಟ್ಟುಕೊಳ್ಳುವ ಆಟ ಆಡಿಸಿ ನೋಡಿತು. ದಿನಾ ಮಧ್ಯಾಹ್ನ ಮಲಗುವ ಅಭ್ಯಾಸ ಇದ್ದ ಮಕ್ಕಳು ನಿದ್ದೆ ತಪ್ಪಿದ ದಿನ ಜಾಸ್ತಿ ಮರೆತರು. ಅಭ್ಯಾಸ ಬಿಟ್ಟಿದ್ದ ಮಕ್ಕಳಿಗೆ ಅಷ್ಟು ವ್ಯತ್ಯಾಸ ಆಗಲಿಲ್ಲ. ಮುಂದೆ 2022ರಲ್ಲಿ ಸ್ಪೆನ್ಸರ್ ಮತ್ತು ಟ್ರೇಸಿ ರಿಗ್ಗಿನ್ಸ್ ಇದಕ್ಕೊಂದು ವಿವರಣೆ ಮುಂದಿಟ್ಟರು. ಹೊಸ ನೆನಪುಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗ ಚಿಕ್ಕ ಮಕ್ಕಳಲ್ಲಿ ಸಣ್ಣ ಡಬ್ಬಿಯ ಹಾಗೆ ಬೇಗ ತುಂಬುತ್ತದೆ, ನಡುವೆ ಒಮ್ಮೆ ಮಲಗಿ ಖಾಲಿ ಮಾಡಿಕೊಳ್ಳಬೇಕಾಗುತ್ತದೆ, ಅದು ಬಲಿತಂತೆ ರಾತ್ರಿಯವರೆಗೂ ತಡೆಯುತ್ತದೆ ಅಂತ. ಅಂದರೆ ಬಿಡುವ ವಯಸ್ಸನ್ನು ಕ್ಯಾಲೆಂಡರ್ ನೋಡಿ ಹೇಳಲು ಬರುವುದಿಲ್ಲ. ಪಕ್ಕದ ಮನೆಯ ಮಗು ನಾಲ್ಕೂವರೆಗೂ ಮಲಗುತ್ತದೆ ಅನ್ನೋದು ನಿಮಗೆ ಲೆಕ್ಕಕ್ಕಿಲ್ಲ.

ಈಗ ಮಾಡುವುದು ಹೇಗೆ ನೋಡೋಣ.

ಶುರುವಿಗೆ ಹತ್ತು ನಿಮಿಷ ಸಾಕು. ನಿಜವಾಗಲೂ ಹತ್ತೇ. ಇಷ್ಟು ದಿನ ಪಕ್ಕದಲ್ಲಿ ನೀವಿದ್ದು ಅಭ್ಯಾಸ ಆಗಿರುವ ಮಗುವಿಗೆ ಮೊದಲ ದಿನವೇ ಒಂದು ಗಂಟೆ ಒಬ್ಬಳೇ ಇರು ಅಂದರೆ ಅದು ಶಿಕ್ಷೆಯಂತೆಯೇ ಕಾಣುತ್ತದೆ. ಹತ್ತು ನಿಮಿಷ ಸಲೀಸಾದ ಮೇಲೆ ಐದೈದು ನಿಮಿಷ ಏರಿಸಿ. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಬಂದರೆ ಭರ್ತಿ ಆಯಿತು. ಅದಕ್ಕಿಂತ ಎಳೆಯುವ ಆಸೆ ಬೇಡ. ಹೊತ್ತು ಮಾತ್ರ ದಿನಾ ಒಂದೇ ಇರಲಿ: ಊಟ, ಕೈತೊಳೆ, ಬಾತ್‌ರೂಮು, ಒಂದು ಕಥೆ, ಆಮೇಲೆ ಇದು. ಈ ಸರಣಿ ಅಭ್ಯಾಸ ಆದರೆ ಅರ್ಧ ವಾದ ತಾನಾಗಿ ತಪ್ಪುತ್ತದೆ.

ಮೂರು ವರ್ಷದ ಮಗುವಿಗೆ ‘ಇನ್ನು ಇಪ್ಪತ್ತು ನಿಮಿಷ’ ಅಂದರೆ ಏನೂ ತಿಳಿಯುವುದಿಲ್ಲ. ಕಣ್ಣಿಗೆ ಕಾಣುವಂಥದ್ದು ಬೇಕು. ಮರಳು ಗಡಿಯಾರ ಆಗಬಹುದು, ಗೋಡೆ ಗಡಿಯಾರದಲ್ಲಿ ದೊಡ್ಡ ಮುಳ್ಳು ಎಲ್ಲಿಗೆ ಬರಬೇಕೋ ಅಲ್ಲಿ ಒಂದು ಸ್ಟಿಕರ್ ಅಂಟಿಸಬಹುದು, ಬೆಲ್ ಹೊಡೆಯುವ ಟೈಮರ್ ಆಗಬಹುದು. ಇದರಲ್ಲಿ ಇನ್ನೊಂದು ಅನುಕೂಲ ಇದೆ. ‘ಆಯ್ತಾ?’ ಅಂದಾಗ ‘ಮುಳ್ಳು ಸ್ಟಿಕರ್ ಹತ್ತಿರ ಬಂತಾ ನೋಡು’ ಅಂದರೆ ಸಾಕು. ಬೇಡ ಅನ್ನುವುದು ಗಡಿಯಾರ, ಅಮ್ಮ ಅಲ್ಲ. ಗಂಟೆ ಹೊಡೆದ ಕೂಡಲೇ ಮಾತ್ರ ಬಿಡಲೇಬೇಕು. ಇವತ್ತು ಚೆನ್ನಾಗಿ ಆಡ್ತಿದ್ದಾಳೆ, ಇನ್ನೊಂದು ಸ್ವಲ್ಪ ಇರಲಿ ಅಂತ ನೀವು ಸುಮ್ಮನಾದರೆ ನಾಳೆಯಿಂದ ಗಡಿಯಾರವನ್ನು ಅವಳು ನಂಬುವುದಿಲ್ಲ. ಆಟದಲ್ಲಿ ಮುಳುಗಿ ಅವಳೇ ಎದ್ದು ಬರದಿದ್ದರೆ ಅದು ಬೇರೆ ಮಾತು.

ಆಟಿಕೆಗಳನ್ನು ಒಂದು ಬುಟ್ಟಿಗೆ ಹಾಕಿಡಿ. ಈ ಬುಟ್ಟಿ ಈ ಹೊತ್ತಿನಲ್ಲಿ ಮಾತ್ರ ಹೊರಗೆ ಬರಬೇಕು, ಇಲ್ಲದಿದ್ದರೆ ಅದರ ಆಕರ್ಷಣೆ ಎರಡೇ ದಿನಕ್ಕೆ ಮುಗಿಯುತ್ತದೆ. ಚಿತ್ರದ ಪುಸ್ತಕ, ಬ್ಲಾಕ್ಸ್, ಗೊಂಬೆ ಮತ್ತದರ ಬಟ್ಟೆ, ಕ್ರೇಯಾನು, ದೊಡ್ಡ ತುಂಡುಗಳ ಪಝಲ್. ನಾಲ್ಕೈದಕ್ಕಿಂತ ಜಾಸ್ತಿ ಬೇಡ, ಜಾಸ್ತಿ ಇದ್ದರೆ ಎಲ್ಲ ಸುರಿದು ಒಂದನ್ನೂ ಆಡುವುದಿಲ್ಲ. ವಾರಕ್ಕೊಮ್ಮೆ ಒಂದೆರಡನ್ನು ಬದಲಿಸಿ. ಬೇರೆಯವರ ಸಹಾಯ ಬೇಕಾಗುವ ಆಟ ಇಡಲೇಬೇಡಿ. ಮುಚ್ಚಳ ಬಿಗಿಯಾದ ಒಂದು ಡಬ್ಬಿ ಸಾಕು, ನಿಮ್ಮನ್ನು ಹತ್ತು ಸಲ ಎಬ್ಬಿಸಲು.

ಮಗು ಒಬ್ಬಳೇ ಇರುವ ಜಾಗ ಅಂದಮೇಲೆ ಮಂಡಿಯೂರಿ ಅವಳ ಎತ್ತರದಿಂದ ಒಮ್ಮೆ ಕೋಣೆ ನೋಡಿ. ಹತ್ತಿದರೆ ಮಗುಚುವ ಕಪಾಟನ್ನು ಗೋಡೆಗೆ ಬಿಗಿಸಿ. ಜೋತಾಡುವ ಪರದೆಯ ಹಗ್ಗ, ಕಿಟಕಿ ಕೆಳಗಿನ ಕುರ್ಚಿ, ಬಾಯಿಗೆ ಹೋಗುವಂಥ ಸಣ್ಣ ಸಾಮಾನು, ಬಟನ್ ಬ್ಯಾಟರಿ ಯಾವುದೂ ಇರಬಾರದು. ಬಾಗಿಲಿಗೆ ಚಿಲಕ ಹಾಕಬೇಡಿ, ನೀವೂ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿರಿ. ಪ್ರತ್ಯೇಕ ಕೋಣೆ ಇಲ್ಲದಿದ್ದರೆ ಒಂದು ಚಾಪೆ ಹಾಸಿ ‘ಇದು ನಿನ್ನ ಜಾಗ’ ಅಂದರೂ ನಡೆಯುತ್ತದೆ. ನೀವು ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಪುಸ್ತಕ ಹಿಡಿದು ಕೂರಿ.

ಇನ್ನು ಎದ್ದು ಬರುವ ವಿಚಾರ. ಬರುತ್ತಾಳೆ, ಅನುಮಾನವೇ ಬೇಡ. ನೀರು ಬೇಕು. ಗೊಂಬೆಗೆ ಜ್ವರ ಬಂದಿದೆ. ಒಂದು ಇರುವೆ ಕಂಡಿತು. ಆಮೇಲೆ ‘ಅಮ್ಮಾ, ನಾನು ಒಂದು ವಿಷಯ ಹೇಳ್ಬೇಕು’ ಅಂತ ಬಂದು ನಿಂತು, ಆ ವಿಷಯ ಏನು ಅಂತ ಅಲ್ಲೇ ಯೋಚಿಸುತ್ತಾಳೆ. ನಗು ಬರುತ್ತದೆ, ತಡೆದುಕೊಳ್ಳಿ. ಬೈಯಬೇಡಿ, ವಿವರಣೆಗೂ ಇಳಿಯಬೇಡಿ. ‘ಇದು ಸುಮ್ನೆ ಆಡೋ ಹೊತ್ತು, ಗಂಟೆ ಹೊಡೆದ ಮೇಲೆ ಹೇಳು’ ಅನ್ನುವ ಒಂದೇ ಮಾತನ್ನು ಪ್ರತಿ ಸಲವೂ ಅದೇ ಧಾಟಿಯಲ್ಲಿ ಹೇಳಿ, ಕೈಹಿಡಿದು ವಾಪಸ್ ಬಿಟ್ಟು ಬನ್ನಿ. ಆರನೇ ಸಲವೂ ಮೊದಲನೇ ಸಲದ ಹಾಗೇ. ಎದ್ದು ಬಂದಾಗ ಮಜಾ ಏನೂ ಸಿಗದಿದ್ದರೆ ಬರುವುದು ತಾನಾಗಿ ಕಡಿಮೆಯಾಗುತ್ತದೆ. ನೀರಿನ ಬಾಟಲಿಯನ್ನು ಮೊದಲೇ ಒಳಗಿಟ್ಟರೆ ಒಂದು ನೆಪವಾದರೂ ಕಳೆಯಿತು. ಆದರೆ ಹೆದರಿ ಬಿಕ್ಕಿ ಅಳುತ್ತಿದ್ದರೆ ಅದು ಹಟ ಅಲ್ಲ. ಅವತ್ತು ಪಕ್ಕದಲ್ಲಿ ಕೂರಿ, ಮರುದಿನ ಹೊತ್ತು ಕಡಿಮೆ ಮಾಡಿ.

ಬಾಗಿಲ ಆಚೆ ನಿಂತು ಕೇಳಿದರೆ ಮಗು ಒಂದೇ ಸಮ ಮಾತಾಡುತ್ತಿರುತ್ತದೆ. ‘ಈಗ ಇದನ್ನ ಇಲ್ಲಿ ಇಡ್ಬೇಕು... ಅಯ್ಯೋ ಬಿತ್ತು... ಪರವಾಗಿಲ್ಲ, ದೊಡ್ಡದು ಕೆಳಗೆ.’ ಸದ್ದು ಮಾಡಬೇಡ ಅಂತ ಇದನ್ನು ನಿಲ್ಲಿಸಬೇಡಿ. ತನಗೆ ತಾನೇ ಹೇಳಿಕೊಳ್ಳುವ ಈ ಮಾತಿನಿಂದಲೇ ಮಕ್ಕಳು ತಮ್ಮ ಕೆಲಸವನ್ನೂ ಸಿಟ್ಟನ್ನೂ ಹಿಡಿತಕ್ಕೆ ತಂದುಕೊಳ್ಳಲು ಕಲಿಯುತ್ತಾರೆ, ಮುಂದೆ ಅದೇ ಒಳಮಾತಾಗುತ್ತದೆ ಅಂತ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ 1930ರ ದಶಕದಲ್ಲೇ ಹೇಳಿದ್ದರು. ದಿನವಿಡೀ ಯಾರಾದರೊಬ್ಬರು ಜೊತೆಗಿದ್ದು ‘ಅದು ಹಾಗಲ್ಲ ಪುಟ್ಟಿ, ಹೀಗೆ’ ಅನ್ನುತ್ತಿದ್ದರೆ ಆ ಅವಕಾಶವೇ ಸಿಗುವುದಿಲ್ಲ. ನನ್ನ ಮಟ್ಟಿಗೆ, ನಿದ್ದೆ ಬರಲಿ ಬಿಡಲಿ, ಈ ಹೊತ್ತನ್ನು ಉಳಿಸಿಕೊಳ್ಳಲು ಇದೊಂದೇ ಕಾರಣ ಸಾಕು. ನಿಮಗೂ ಒಂದು ಲೋಟ ಏನಾದರೂ ಬಿಸಿಬಿಸಿಯಾಗಿ ಕುಡಿಯಲು ಸಿಕ್ಕಿದರೆ ಅದರಲ್ಲಿ ತಪ್ಪೇನೂ ಇಲ್ಲ.

ಮೊಬೈಲ್ ಕೊಟ್ಟರೆ ಮಗು ಖಂಡಿತ ಸುಮ್ಮನಿರುತ್ತದೆ, ಅಲ್ವಾ? ಇರುತ್ತದೆ. ಆದರೆ ಆಗ ಒಬ್ಬಳೇ ಆಡುವುದನ್ನು ಕಲಿಯುವುದಿಲ್ಲ, ತೂಕಡಿಕೆ ಬಂದರೂ ಮಲಗುವುದಿಲ್ಲ. ಮೂರು-ನಾಲ್ಕು ವರ್ಷದವರಿಗೆ ಇಡೀ ದಿನಕ್ಕೆ ಸ್ಕ್ರೀನ್ 1 ಗಂಟೆ ದಾಟದಿರಲಿ, ಕಡಿಮೆಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಬರೀ ಕೇಳುವ ಕಥೆಯಾದರೆ ಅಡ್ಡಿಯಿಲ್ಲ.

ಸಂಜೆ ಐದರ ರಚ್ಚೆಗೆ ಮದ್ದು ಮಧ್ಯಾಹ್ನದಲ್ಲಿ ಇಲ್ಲ, ರಾತ್ರಿಯಲ್ಲಿದೆ. ಮೂರರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ ಒಟ್ಟು 10ರಿಂದ 13 ಗಂಟೆ ನಿದ್ದೆ ಬೇಕು. ಮಧ್ಯಾಹ್ನದ್ದು ಹೋದರೆ ಅದನ್ನು ರಾತ್ರಿಗೆ ಸೇರಿಸಬೇಕು. ಮಲಗದ ದಿನ ರಾತ್ರಿ ಅರ್ಧದಿಂದ ಒಂದು ಗಂಟೆ ಮುಂಚೆಯೇ ಹಾಸಿಗೆಗೆ ಕಳಿಸಿ. ಊಟ, ಸ್ನಾನ ಎಲ್ಲವನ್ನೂ ಅದಕ್ಕೆ ತಕ್ಕಂತೆ ಹಿಂದಕ್ಕೆ ಎಳೆದುಕೊಳ್ಳಬೇಕಾಗುತ್ತದೆ. ಮನೆಯವರೆಲ್ಲರ ಹೊತ್ತೂ ಅದಲುಬದಲಾಗುವುದರಿಂದ ಹೆಚ್ಚಿನ ಮನೆಗಳಲ್ಲಿ ತಪ್ಪಿಹೋಗುವುದು ಇದೇ ಭಾಗ. ಮಧ್ಯಾಹ್ನ ನಿದ್ದೆ ಹತ್ತಿದ ದಿನ ಮುಕ್ಕಾಲು ಗಂಟೆಗೆ ಎಬ್ಬಿಸಿ, ಮೂರೂವರೆ ದಾಟಲು ಬಿಡಬೇಡಿ. ಸಂಜೆ ಗಾಡಿಯಲ್ಲಿ ಹೋಗುವಾಗ ಹತ್ತುವ ಹತ್ತು ನಿಮಿಷದ ಜೊಂಪೂ ರಾತ್ರಿಯನ್ನು ಕೆಡಿಸುತ್ತದೆ, ಆಗ ಹಾಡು ಹೇಳಿಸಿಯಾದರೂ ಎಚ್ಚರ ಇಡಿ.

ರಾತ್ರಿ ಸಾಕಷ್ಟು ಮಲಗಿಯೂ ಹಗಲೆಲ್ಲ ತೂಕಡಿಸಿದರೆ, ದಿನಾ ಜೋರಾಗಿ ಗೊರಕೆ ಹೊಡೆದರೆ, ನಿದ್ದೆಯಲ್ಲಿ ಉಸಿರು ಕಟ್ಟಿದಂತಾದರೆ, ಅಥವಾ ಮಧ್ಯಾಹ್ನದ ನಿದ್ದೆ ಬಿಟ್ಟು ಬಹಳ ಕಾಲವಾದ ಮಗು ಮತ್ತೆ ದಿನಾ ಮಲಗಲು ಶುರುಮಾಡಿದರೆ ಮಕ್ಕಳ ವೈದ್ಯರಿಗೆ ತೋರಿಸಿ.

ತಮ್ಮನ ವಿಷಯ ಕೇಳಿದ್ದೀರಿ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಬಿಡಬೇಡಿ, ಅವಳ ಬುಟ್ಟಿಯ ಸಣ್ಣ ತುಂಡುಗಳು ಅವನ ಬಾಯಿಗೆ ಹೋಗುತ್ತವೆ. ಮೊದಲು ಅವನನ್ನು ಮಲಗಿಸಿ, ಆಮೇಲೆ ಇವಳ ಗಡಿಯಾರ ಶುರುಮಾಡಿ. ಅವನನ್ನು ಮಲಗಿಸುವ ಹೊತ್ತಿನಲ್ಲಿ ಇವಳು ಬಾಗಿಲು ತಟ್ಟುವುದು ಖಾತ್ರಿ, ಹಾಗಾಗಿ ಆಗ ಕೈಗೆ ಏನಾದರೂ ಕೆಲಸ ಕೊಡಿ: ಬುಟ್ಟಿಯಲ್ಲಿ ಇವತ್ತು ಏನೇನು ಇರಬೇಕು ಅಂತ ಆರಿಸಿ ತುಂಬಿಕೊಳ್ಳುವುದು ಅವಳ ಪಾಲಿಗೆ ಇರಲಿ.