ಕೊನೆ ಭಾಗಕ್ಕೆ ನೀರು ಬರಲಿಲ್ಲ, ಶಾಸಕರು ಬಂದರು

ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ ಮುನಿರಾಬಾದ್‌ನಲ್ಲಿ ಹುಟ್ಟಿ, 227 ಕಿ.ಮೀ. ಸಾಗಿ ರಾಯಚೂರು ತಾಲ್ಲೂಕಿನಲ್ಲಿ ಮುಗಿಯುತ್ತದೆ. ನಕ್ಷೆಯಲ್ಲಿ ಹಾಗಿದೆ. ನೀರು ಮಾತ್ರ ಎಷ್ಟೋ ವರ್ಷ ಸಿಂಧನೂರು ದಾಟುವಷ್ಟರಲ್ಲೇ ಸೊರಗಿರುತ್ತದೆ. ‘ಕೊನೆ ಭಾಗದ ರೈತರಿಗೆ ನೀರು ಮುಟ್ಟಿಸುತ್ತೇನೆ’ ಎಂಬ ಮಾತು ಮಾನ್ವಿ, ಸಿರವಾರ, ರಾಯಚೂರು ಗ್ರಾಮೀಣ ಭಾಗದ ಚುನಾವಣಾ ಭಾಷಣಗಳಲ್ಲಿ ಅಜ್ಜನ ಕಾಲದಿಂದ ಇದೆ. ಮಾತು ಉಳಿಯಲಿಲ್ಲ, ಆಡಿದವರು ಗೆಲ್ಲುತ್ತಲೇ ಬಂದರು. ಕಟ್ಟೆಯ ಮೇಲೆ ಕೂತವರನ್ನು ಕೇಳಿದರೆ ಸಿಗುವ ಉತ್ತರ ಬಹುತೇಕ ಒಂದೇ: ‘ಅಂವ ಕಾಲುವಿಗೆ ಏನ್ ಮಾಡ್ಯಾನ ಬಿಡ್ರಿ, ಆದ್ರ ಫೋನ್ ಎತ್ತತಾನ.’

ಇದನ್ನು ಜಾತಿ, ದುಡ್ಡು, ತಿಳಿವಳಿಕೆಯ ಕೊರತೆ ಎಂದು ಪಕ್ಕಕ್ಕೆ ಸರಿಸುವುದು ಸುಲಭ. ಜಾತಿಯೂ ಇದೆ, ದುಡ್ಡೂ ಇದೆ. ಆದರೆ ಫೋನ್ ಎತ್ತುವವನು ಯಾಕೆ ಅಷ್ಟು ದೊಡ್ಡವನಾದ ಎಂಬುದಕ್ಕೆ ಕಾಲುವೆಯ ಕಥೆಯನ್ನೇ ಮೊದಲಿಂದ ನೋಡಬೇಕು.

ಹೈದರಾಬಾದ್ ಸಂಸ್ಥಾನ ಮತ್ತು ಮದ್ರಾಸ್ ಪ್ರಾಂತ್ಯ ಸೇರಿ 1945ರಲ್ಲಿ ಅಣೆಕಟ್ಟೆಗೆ ಅಡಿಗಲ್ಲು ಹಾಕಿದವು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಎಡದಂಡೆಯನ್ನು ಕಟ್ಟಿದ್ದು ಭತ್ತಕ್ಕಲ್ಲ, ಬರಕ್ಕೆ. ಇರುವ ನೀರನ್ನು ತೆಳ್ಳಗೆ ಹರಡಿ, ಸುಮಾರು 6 ಲಕ್ಷ ಎಕರೆಯ ಜೋಳ, ಹತ್ತಿ, ಶೇಂಗಾ ಒಣಗದಂತೆ ನೋಡಿಕೊಳ್ಳುವುದು ಲೆಕ್ಕ. ಯಾವ ಸರ್ವೆ ನಂಬರಿಗೆ ಯಾವ ಹಂಗಾಮು, ಎಂಥ ಬೆಳೆ ಎಂದು ಮೊದಲೇ ಗೊತ್ತುಮಾಡಿದ್ದರು. ಭತ್ತಕ್ಕೆ ಅದರಲ್ಲಿ ಸಿಕ್ಕಿದ್ದು ಸಣ್ಣ ಪಾಲು.

ಆಂಧ್ರದ ಕರಾವಳಿಯಿಂದ ಬಂದು ಕ್ಯಾಂಪ್‌ಗಳಲ್ಲಿ ನೆಲೆಸಿದವರಿಗೆ ಭತ್ತ ಗೊತ್ತಿತ್ತು. ಗಂಗಾವತಿ, ಕಾರಟಗಿ ಸೀಮೆ ಭತ್ತದ ಕಣಜವಾಯಿತು. ಸ್ಥಳೀಯ ರೈತರೂ ಅದೇ ದಾರಿ ಹಿಡಿದರು. ಜೋಳ ಕುಡಿಯುವ ನೀರಿನ ಎರಡು ಪಟ್ಟಿಗೂ ಹೆಚ್ಚು ಭತ್ತಕ್ಕೆ ಬೇಕು. ಮೇಲ್ಭಾಗದಲ್ಲಿ ಒಂದು ಎಕರೆ ಭತ್ತವಾದರೆ ಕೆಳಗೆ ಎರಡು ಎಕರೆ ಒಣಗಿತೆಂದೇ ಅರ್ಥ. ನಿಯಮ ಮೀರಿದವರಿಗೆ ದಂಡದ ನೀರಿನ ಕರ ಹಾಕಬಹುದು. ಆದರೆ ಭತ್ತದಲ್ಲಿ ಬರುವ ಆದಾಯದ ಮುಂದೆ ಆ ದಂಡ ಯಾವ ಲೆಕ್ಕ? ಹಾಕಿದ ದಂಡವನ್ನು ಮನ್ನಾ ಮಾಡಿಸುವುದೂ ಒಂದು ಚುನಾವಣಾ ಭರವಸೆಯೇ.

ಇದರ ಮೇಲೆ ಹೂಳು. ಮೊದಲು 133 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಇದ್ದ ಜಲಾಶಯದ ಸಾಮರ್ಥ್ಯ ಈಗ 105.788 ಟಿಎಂಸಿ. ಎಡದಂಡೆಗೆ ಪೂರ್ಣ ಪ್ರಮಾಣದಲ್ಲಿ, ಅಂದರೆ ಸೆಕೆಂಡಿಗೆ 4,100 ಘನ ಅಡಿಯಂತೆ ನೀರು ಬಿಟ್ಟರೆ ದಿನಕ್ಕೆ 0.35 ಟಿಎಂಸಿ ಖರ್ಚು. ಹೂಳು ನುಂಗಿದ್ದು ಈ ಕಾಲುವೆಯ ಸುಮಾರು 77 ದಿನದ ನೀರು.

ಇದಕ್ಕೆ ಪರಿಹಾರವೆಂದು ಕೊಪ್ಪಳ ಜಿಲ್ಲೆಯ ನವಲಿ ಬಳಿ ಹೆಚ್ಚುವರಿ ನೀರು ಹಿಡಿದಿಡುವ ಸಮತೋಲನ ಜಲಾಶಯ ಕಟ್ಟುವ ಮಾತು ಹುಟ್ಟಿತು. ಅದು ಒಡೆದ ಭರವಸೆಯೋ, ನಡೆಯುತ್ತಿರುವ ಕೆಲಸವೋ ಎಂದು ಯಾರೂ ಎದೆ ತಟ್ಟಿ ಹೇಳಲಾರರು. ಒಂದು ನೀರಾವರಿ ಯೋಜನೆ ಸಾಗುವ ದಾರಿ ಹೀಗಿದೆ: ಬಜೆಟ್‌ನಲ್ಲಿ ಪ್ರಸ್ತಾಪ, ಸರ್ವೆ, ಡಿಪಿಆರ್ (ವಿವರವಾದ ಯೋಜನಾ ವರದಿ), ತಾತ್ವಿಕ ಒಪ್ಪಿಗೆ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ, ಭೂಸ್ವಾಧೀನ, ಕಾಮಗಾರಿ. ಪ್ರತಿ ಮೆಟ್ಟಿಲಿಗೂ ಒಂದು ಪತ್ರಿಕಾಗೋಷ್ಠಿ, ಒಂದು ಸನ್ಮಾನ, ಒಂದು ಫ್ಲೆಕ್ಸ್. ಡಿಪಿಆರ್‌ಗೆ ಬಿಡುಗಡೆಯಾದ ಹಣವೇ ಯೋಜನೆಗೆ ಬಂದ ಹಣದಂತೆ ಊರಲ್ಲಿ ಓಡಾಡುತ್ತದೆ. ತುಂಗಭದ್ರೆ ಅಂತರರಾಜ್ಯ ನದಿ. ಜಲಾಶಯ ಇರುವುದು ತುಂಗಭದ್ರಾ ಮಂಡಳಿಯ ಕೈಯಲ್ಲಿ. ನವಲಿಗೆ ಆಂಧ್ರ ಮತ್ತು ತೆಲಂಗಾಣದ ಒಪ್ಪಿಗೆಯೂ ಬೇಕು. ಹೀಗಾಗಿ ತಪ್ಪು ಹೊರಿಸಲು ಬೆನ್ನುಗಳಿಗೆ ಬರವಿಲ್ಲ: ಮಂಡಳಿ, ಪಕ್ಕದ ರಾಜ್ಯ, ಕೇಂದ್ರ, ಹಿಂದಿನ ಸರ್ಕಾರ, ಮೇಲ್ಭಾಗದವರು. ತಮ್ಮ ಶಾಸಕ ಈ ಪಟ್ಟಿಯ ಕೊನೆಯಲ್ಲಿ ಬರುತ್ತಾನೆ. ಎಷ್ಟೋ ಸಲ ಬರುವುದೇ ಇಲ್ಲ.

ದುರಸ್ತಿಯ ಭರವಸೆಯನ್ನು ಯಾರೂ ಕೊಡುವುದಿಲ್ಲ, ಯಾರೂ ಕೇಳುವುದೂ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಚೈನ್ ಕಡಿದು ಗೇಟ್ ಕೊಚ್ಚಿಹೋದಾಗ ಅದು ಎಲ್ಲರಿಗೂ ಒಮ್ಮೆಲೇ ನೆನಪಾಯಿತು. ಹರಿಯುವ ನೀರಿನಲ್ಲೇ ವಾರದೊಳಗೆ ಸ್ಟಾಪ್ ಲಾಗ್, ಅಂದರೆ ತಾತ್ಕಾಲಿಕ ಗೇಟು, ಇಳಿಸಿದರು. ಅದು ಎಂಜಿನಿಯರುಗಳ ಮತ್ತು ಕಾರ್ಮಿಕರ ಕೆಲಸ. ಚೈನಿಗೆ ಗ್ರೀಸ್ ಹಚ್ಚಿದ್ದಕ್ಕೆ ಮಾಲೆ ಹಾಕಿಸಿಕೊಂಡ ರಾಜಕಾರಣಿ ಮಾತ್ರ ಇನ್ನೂ ಹುಟ್ಟಿಲ್ಲ.

ಈಗ ಫೋನಿನ ವಿಷಯ. ಹಂಗಾಮಿನ ಮುಂಚೆ ನೀರಾವರಿ ಸಲಹಾ ಸಮಿತಿ, ಜನರ ಬಾಯಲ್ಲಿ ‘ಐಸಿಸಿ’, ಸಭೆ ಸೇರಿ ನೀರು ಬಿಡುವ ದಿನ ಗೊತ್ತುಮಾಡುತ್ತದೆ. ಮಂತ್ರಿ, ಶಾಸಕರು, ಅಧಿಕಾರಿಗಳು ಕೂಡುತ್ತಾರೆ. ನೀರು ಬಿಟ್ಟ ಮೇಲೆ ಎಲ್ಲರ ಕಣ್ಣು ಕಾಲುವೆಯ ನೀರಿನ ಮಟ್ಟ ತೋರಿಸುವ ಗೇಜ್ ಮೇಲೆ. 69ನೇ ಮೈಲಿನಲ್ಲಿ ಎಷ್ಟು ಅಡಿ, 104ನೇ ಮೈಲಿನಲ್ಲಿ ಎಷ್ಟು ಅಡಿ ಎಂಬುದು ಆ ಭಾಗದ ಚಹಾದಂಗಡಿಯ ಮಾತು. ಕಿ.ಮೀ. ಬಂದು ಎಷ್ಟೋ ಕಾಲವಾದರೂ ಕಾಲುವೆಗೆ ಮಾತ್ರ ಇನ್ನೂ ಮೈಲೇ. ಮೇಲೆ ದಂಡೆಯುದ್ದಕ್ಕೂ ಪಂಪ್‌ಸೆಟ್, ದಂಡೆ ಕೊರೆದು ಹಾಕಿದ ಪೈಪು, ಎತ್ತಿಟ್ಟ ತೂಬು. ಉಪಕಾಲುವೆಗಳನ್ನು ಸರದಿಯಂತೆ ಮುಚ್ಚಿ ತೆರೆಯುವ ‘ಆನ್ ಆ್ಯಂಡ್ ಆಫ್’ ಪದ್ಧತಿ ಕಾಗದದಲ್ಲಿ ನಡೆಯುತ್ತದೆ. ದಂಡೆಯ ಮೇಲೆ ರಾತ್ರಿ ಹೊತ್ತು ಒಬ್ಬ ಗ್ಯಾಂಗ್‌ಮನ್ ಹತ್ತು ಜನರ ಎದುರು ನಿಂತಿರುತ್ತಾನೆ.

ಗೇಜ್ ಇಳಿಯುತ್ತದೆ. ಕೆಳಗಿನವರು ರಸ್ತೆ ತಡೆಯುತ್ತಾರೆ. ಶಾಸಕರು ಬರುತ್ತಾರೆ. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಎಂಜಿನಿಯರಿಗೆ ಫೋನ್ ಮಾಡುತ್ತಾರೆ. ಪೊಲೀಸ್ ಗಸ್ತು, ದಂಡೆಯಲ್ಲಿ ನಿಷೇಧಾಜ್ಞೆ, ಒಂದಿಷ್ಟು ಪೈಪು ಕೀಳುವುದು. ಗೇಜ್ ಏರುತ್ತದೆ, ಬೆಳೆ ಒಂದು ನೀರು ಕುಡಿಯುತ್ತದೆ. ನಾಲ್ಕಾರು ದಿನಕ್ಕೆ ಮೇಲಿನ ಕ್ಷೇತ್ರದ ಫೋನ್ ಅದೇ ಎಂಜಿನಿಯರಿಗೆ ಹೋಗುತ್ತದೆ, ಗೇಜ್ ಮತ್ತೆ ಇಳಿಯುತ್ತದೆ. ಕೊನೆ ಭಾಗದ ರೈತನ ನೆನಪಿನಲ್ಲಿ ಉಳಿಯುವುದು ಮಾತ್ರ ಆ ಒಂದು ನೀರು. ಅದು ತಾನಾಗಿ ಬರಲಿಲ್ಲ, ಒಬ್ಬರ ಫೋನಿಂದ ಬಂತು. ಕಾಲುವೆ ನಿಯಮದಂತೆ ಹರಿದಿದ್ದರೆ ಆ ಫೋನಿಗೆ ಬೆಲೆಯೇ ಇರುತ್ತಿರಲಿಲ್ಲ. ದೊಡ್ಡ ಮಾತು ಮುರಿದಷ್ಟೂ ಸಣ್ಣ ಉಪಕಾರದ ತೂಕ ಹೆಚ್ಚುತ್ತದೆ.

ಸಣ್ಣ ಉಪಕಾರಕ್ಕೆ ಸರ್ಕಾರವೇ ಕೀಲಿಕೈ ಕೊಟ್ಟಿದೆ. ಮನೆಗಳ ಫಲಾನುಭವಿಗಳನ್ನು ಆರಿಸುವ ಆಶ್ರಯ ಸಮಿತಿ, ಸಾಗುವಳಿ ಸಕ್ರಮದ ಬಗರ್‌ಹುಕುಂ ಸಮಿತಿ, ಗಂಗಾ ಕಲ್ಯಾಣದ ಕೊಳವೆಬಾವಿ ಆಯ್ಕೆ: ಎಲ್ಲದರಲ್ಲೂ ಅಧ್ಯಕ್ಷತೆ ಶಾಸಕರದು. ಸುಟ್ಟ ಟಿಸಿ (ಟ್ರಾನ್ಸ್‌ಫಾರ್ಮರ್) ಬದಲಿಸಲು ವಿದ್ಯುತ್ ಕಂಪನಿ ಜೆಸ್ಕಾಂಗೆ, ರೋಗಿಗೆ ಹಾಸಿಗೆ ಕೊಡಿಸಲು ಸರ್ಕಾರಿ ಆಸ್ಪತ್ರೆಗಳಾದ ರಿಮ್ಸ್‌ಗೋ ವಿಮ್ಸ್‌ಗೋ ಒಂದು ಮಾತು ಬೇರೆ. ಎದುರು ಹಾಕಿಕೊಂಡರೆ ಇದೆಲ್ಲ ತಡವಾಗುತ್ತದೆ ಎಂಬ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. ಮತಪತ್ರದ ಕಾಲದಲ್ಲಿ ಹಲವು ಬೂತಿನ ಚೀಟಿಗಳನ್ನು ಬೆರೆಸಿ ಎಣಿಸುವ ಅವಕಾಶವಿತ್ತು. ಇವಿಎಂ ಬಂದ ಮೇಲೆ ಎಣಿಕೆ ಬೂತುವಾರು. ಯಾವ ಊರು ಯಾರಿಗೆ ಎಷ್ಟು ಹಾಕಿತೆಂದು ‘ನಮೂನೆ 20’ರಲ್ಲಿ ಯಾರು ಬೇಕಾದರೂ ನೋಡಬಹುದು. ಹಲವು ಯಂತ್ರಗಳ ಮತವನ್ನು ಒಟ್ಟುಗೂಡಿಸಿ ತೋರಿಸುವ ‘ಟೋಟಲೈಸರ್’ ಬೇಕೆಂದು ಚುನಾವಣಾ ಆಯೋಗ ಕೇಳಿತು, 2015ರಲ್ಲಿ ಕಾನೂನು ಆಯೋಗವೂ ಶಿಫಾರಸು ಮಾಡಿತು. ಬರಲಿಲ್ಲ. ಹೊರಗಿನಿಂದ ನಿಷ್ಠೆಯಂತೆ ಕಾಣುವುದರಲ್ಲಿ ಮುನ್ನೆಚ್ಚರಿಕೆಯೂ ಒಂದು ಪಾಲು ಇದೆ.

ಕಾನೂನಿನಲ್ಲಿ ದಾರಿಯಿದೆಯೇ? ಪ್ರಣಾಳಿಕೆಯ ಭರವಸೆ ಜನಪ್ರತಿನಿಧಿ ಕಾಯ್ದೆಯ 123ನೇ ಕಲಮಿನ ಭ್ರಷ್ಟ ಆಚರಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಭರವಸೆಗೆ ಹಣ ಎಲ್ಲಿಂದ ಎಂದು ಪಕ್ಷಗಳು ಹೇಳಬೇಕೆಂದು ಮರುವರ್ಷ ಆಯೋಗ ನೀತಿಸಂಹಿತೆಗೆ ಸೇರಿಸಿತು, ಹೇಳದಿದ್ದರೆ ಶಿಕ್ಷೆಯಿಲ್ಲ. ವಿಧಾನಸಭೆಯ ಸರ್ಕಾರಿ ಭರವಸೆಗಳ ಸಮಿತಿ ಮಂತ್ರಿಗಳು ಸದನದಲ್ಲಿ ಕೊಟ್ಟ ಮಾತನ್ನಷ್ಟೇ ಬೆನ್ನು ಹತ್ತುತ್ತದೆ, ಮೈದಾನದಲ್ಲಿ ಕೊಟ್ಟದ್ದನ್ನಲ್ಲ.

ಇನ್ನು, ಈ ಭಾಗದ ಮತದಾರ ಏನನ್ನೂ ಕ್ಷಮಿಸುತ್ತಾನೆ ಎಂದುಕೊಂಡರೆ ಅದೂ ತಪ್ಪು. 1985ರ ನಂತರ ಕರ್ನಾಟಕದಲ್ಲಿ ಆಳುವ ಪಕ್ಷ ಸತತ ಎರಡನೇ ಸಲ ಗೆದ್ದು ಬಂದಿಲ್ಲ. ನಿಷ್ಠೆ ಇರುವುದು ಚಿಹ್ನೆಗಿಂತ ಹೆಚ್ಚಾಗಿ ವ್ಯಕ್ತಿಗೆ. 2011ರ ಬಳ್ಳಾರಿ ಗ್ರಾಮೀಣ ಉಪಚುನಾವಣೆಯಲ್ಲಿ ಬಿಜೆಪಿ ಬಿಟ್ಟ ಬಿ. ಶ್ರೀರಾಮುಲು ಪಕ್ಷೇತರರಾಗಿಯೇ ಗೆದ್ದರು. ಅದೇ ಕ್ಷೇತ್ರದಲ್ಲಿ 2023ರಲ್ಲಿ ಬಿಜೆಪಿಯಿಂದ ನಿಂತು ಸೋತರು.

ರಾಯಚೂರು ಜಿಲ್ಲೆಯ ಮಸ್ಕಿಯ ಕಥೆ ಇನ್ನೂ ಸ್ಪಷ್ಟ. ಪ್ರತಾಪಗೌಡ ಪಾಟೀಲ 2008ರಲ್ಲಿ ಬಿಜೆಪಿಯಿಂದ, 2013 ಮತ್ತು 2018ರಲ್ಲಿ ಕಾಂಗ್ರೆಸ್‌ನಿಂದ ಗೆದ್ದರು. 2018ರಲ್ಲಿ ಬಿಜೆಪಿಯ ಬಸನಗೌಡ ತುರ್ವಿಹಾಳ ಅವರ ಮೇಲೆ ಗೆದ್ದದ್ದು ಬರೀ 213 ಮತದಿಂದ. 2019ರಲ್ಲಿ ಪಾಟೀಲರು ರಾಜೀನಾಮೆ ಕೊಟ್ಟು ಬಿಜೆಪಿಗೆ ಮರಳಿದರು, ಆಮೇಲೆ ತುರ್ವಿಹಾಳ ಕಾಂಗ್ರೆಸ್‌ಗೆ ಹೋದರು. ಈ ನಡುವೆ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕೂತರು. ಸರ್ಕಾರ ನಂದವಾಡಗಿ ಏತ ನೀರಾವರಿಯನ್ನು ಮುಂದಿಟ್ಟಿತು. ರೈತರು ಒಪ್ಪಲಿಲ್ಲ: ಏತ ಎಂದರೆ ಮೋಟರು, ಕರೆಂಟು, ಮತ್ತೆ ಯಾರದೋ ಫೋನ್, ಹರಿಯುವ ಕಾಲುವೆಗೆ ಅದ್ಯಾವುದೂ ಬೇಡ. 2021ರ ಏಪ್ರಿಲ್ 17ರ ಉಪಚುನಾವಣೆಯಲ್ಲಿ ಆಳುವ ಪಕ್ಷದ ಬಲವೆಲ್ಲ ಬೆನ್ನಿಗಿದ್ದರೂ ಪಾಟೀಲರು 30,606 ಮತಗಳಿಂದ ಸೋತರು.

ಹಳೆಯ ನಿಷ್ಠೆ ಅಲ್ಲಿ ಕಡಿಯಲು ಬರೀ ಸಿಟ್ಟು ಸಾಕಾಗಿರಲಿಲ್ಲ. ಬೇಡಿಕೆಗೆ ‘5ಎ’ ಎಂಬ ಒಂದೇ ಹೆಸರಿತ್ತು, ಅದನ್ನು ಹತ್ತಾರು ಹಳ್ಳಿಗಳು ಒಟ್ಟಾಗಿ ಹಿಡಿದಿದ್ದವು, ಫೋನ್ ಎತ್ತಬಲ್ಲ ಇನ್ನೊಬ್ಬ ಆಳು ಎದುರಿಗೇ ಇದ್ದ. ಎಡದಂಡೆಯ ಕೊನೆ ಭಾಗದಲ್ಲಿ ಈ ಮೂರೂ ಒಟ್ಟಿಗೆ ಸೇರುವುದು ಅಪರೂಪ. ಒಂದು ಉಪಕಾಲುವೆಗೆ ನೀರು ಬಂದ ದಿನ ಪಕ್ಕದ ಉಪಕಾಲುವೆಯವರು ಧರಣಿಯಲ್ಲಿ ಒಬ್ಬಂಟಿ.

2023ರ ನಂತರ ಭರವಸೆಯ ಇನ್ನೊಂದು ತಳಿ ಬಂದಿದೆ. ಗೃಹಲಕ್ಷ್ಮಿಯ 2,000 ರೂಪಾಯಿ ನೇರ ಖಾತೆಗೆ ಬೀಳುತ್ತದೆ, ಮೊಬೈಲಿಗೆ ಮೆಸೇಜ್ ಬರುತ್ತದೆ. ಎರಡು ತಿಂಗಳು ತಡವಾದರೆ ಹೆಣ್ಣುಮಕ್ಕಳು ಬ್ಯಾಂಕಿನ ಮುಂದೆಯೇ ಕೇಳುತ್ತಾರೆ. ಅಲ್ಲಿ ಸ್ಪೀಕರ್ ಹಾಕಿ ಫೋನ್ ಮಾಡಲು ಯಾರಿಗೂ ಜಾಗವಿಲ್ಲ. ಕಾಲುವೆಯ ನೀರಿಗೆ ಮೆಸೇಜ್ ಬರುವುದಿಲ್ಲ.

ಮಸ್ಕಿಯಲ್ಲಿ 2023ರಲ್ಲೂ ಅದೇ ಇಬ್ಬರು ಎದುರಾದರು, ತುರ್ವಿಹಾಳ ಮತ್ತೆ ಗೆದ್ದರು. 2018ರಿಂದ ಮೂರು ಚುನಾವಣೆಗಳಲ್ಲಿ ಮುಖಗಳು ಅವೇ, ಚಿಹ್ನೆಗಳು ಅದಲುಬದಲು.