ಇಂಟರ್ನೆಟ್ ಫೋನಿನಿಂದ 911: ವಿಳಾಸದ ಹೊಣೆ ಮನೆಯವರಿಗೆ ಬಂದ ಬಗೆ

ಅಮೆರಿಕದಲ್ಲಿ ಮನೆಯ ಫೋನನ್ನು ತಾಮ್ರದ ತಂತಿಯಿಂದ ಇಂಟರ್ನೆಟ್ಟಿಗೆ ಬದಲಾಯಿಸಿಕೊಂಡವರಿಗೆ ತುರ್ತು ಕರೆಯ ವಿಷಯದಲ್ಲಿ ಷರತ್ತುಗಳ ಉದ್ದನೆಯ ಪಟ್ಟಿಯೇ ಸಿಗುತ್ತದೆ. ಆ ಷರತ್ತುಗಳು ಒಂದೇ ದಿನ ಹುಟ್ಟಿದವಲ್ಲ.

1968ರ ಫೆಬ್ರವರಿಯಲ್ಲಿ ಅಲಬಾಮದ ಹೇಲಿವಿಲ್ ಎಂಬ ಸಣ್ಣ ಊರಿನಿಂದ, ಅಮೆರಿಕದ ತುರ್ತು ನೆರವಿನ ಸಂಖ್ಯೆಯಾದ 911ರ ಮೊದಲ ಕರೆ ಹೋಯಿತು. ಮುಂದಿನ ದಶಕಗಳಲ್ಲಿ, ಕರೆಯ ಜೊತೆಗೇ ವಿಳಾಸವೂ ತುರ್ತು ಕೇಂದ್ರದ ಸಿಬ್ಬಂದಿಯ ಪರದೆಯ ಮೇಲೆ ಮೂಡುವ ವ್ಯವಸ್ಥೆ ದೇಶದ ಬಹುಭಾಗಕ್ಕೆ ಹಬ್ಬಿತು. ತಂತಿ ಒಂದೇ ಮನೆಯಲ್ಲಿ ಕೊನೆಗೊಳ್ಳುತ್ತಿದ್ದುದರಿಂದ ಸಂಖ್ಯೆ ತಿಳಿದರೆ ಮನೆ ತಿಳಿದಂತೆಯೇ ಆಗಿತ್ತು. ಮಾತಾಡಲಾಗದವರೂ ರಿಸೀವರ್ ಎತ್ತಿ 911 ಒತ್ತಿದರೆ ಸಾಕಾಗುತ್ತಿತ್ತು.

2000ದ ದಶಕದ ಆರಂಭದಲ್ಲಿ ಬಂದ ಇಂಟರ್ನೆಟ್ ಫೋನು ಈ ನಂಟನ್ನೇ ಕಡಿಯಿತು. ನ್ಯೂಜೆರ್ಸಿಯ ಸಂಖ್ಯೆಯ ಅಡಾಪ್ಟರನ್ನು, ಅಂದರೆ ಫೋನನ್ನು ಇಂಟರ್ನೆಟ್ಟಿಗೆ ಜೋಡಿಸುವ ಪೆಟ್ಟಿಗೆಯನ್ನು, ಕ್ಯಾಲಿಫೋರ್ನಿಯದಲ್ಲಿ ಚುಚ್ಚಿದರೂ ಅದೇ ಸಂಖ್ಯೆ ರಿಂಗಣಿಸುತ್ತಿತ್ತು, ಫೋನಿನ ಬಾಡಿಗೆಯೂ ಅಗ್ಗ. ಮುಂದೆ ಭಾರತಕ್ಕೆ ಮಿತಿಯಿಲ್ಲದ ಕರೆಯ ಯೋಜನೆಗಳು ಬಂದಾಗ ಅಮೆರಿಕದ ಕನ್ನಡಿಗರ ಮನೆಗಳಿಗೂ ಈ ಪೆಟ್ಟಿಗೆ ಹೊಕ್ಕಿತು. ಆದರೆ 911 ಕರೆಗಳನ್ನು ಆಯಾ ಊರಿನ ಕೇಂದ್ರಕ್ಕೆ ತಿರುಗಿಸುವ ವಿಶೇಷ ಸ್ವಿಚ್‌ಗಳು ಹಳೆಯ ದೂರವಾಣಿ ಕಂಪನಿಗಳ ಕೈಯಲ್ಲಿದ್ದವು. ಹೊಸ ಸೇವೆಗಳು ಹಲವು ಕಡೆ ತುರ್ತು ಕರೆಯನ್ನು ಪೊಲೀಸರ ಕಚೇರಿಯ ಸಾಮಾನ್ಯ ಸಂಖ್ಯೆಗೆ ಕಳಿಸುತ್ತಿದ್ದವು. ರಾತ್ರಿ ಅಲ್ಲಿ ಎತ್ತುವವರು ಇರುತ್ತಾರೆಂಬ ಖಾತರಿ ಇರಲಿಲ್ಲ. ಈ ಸೌಲಭ್ಯವೂ ಗ್ರಾಹಕರು ತಾವಾಗಿ ಕೇಳಿ ಪಡೆದರೆ ಮಾತ್ರ.

2005ರ ಆರಂಭದಲ್ಲಿ ಹ್ಯೂಸ್ಟನ್ನಿನ ಮನೆಯೊಂದಕ್ಕೆ ನುಗ್ಗಿದವರು ತಂದೆತಾಯಿಗೆ ಗುಂಡು ಹಾರಿಸಿದಾಗ, ಮಗಳು ಒತ್ತಿದ 911ಕ್ಕೆ ಉತ್ತರವಾಗಿ ಬಂದದ್ದು ಈ ಫೋನಿನಿಂದ ಆ ಸೇವೆ ಇಲ್ಲವೆಂಬ ಧ್ವನಿಮುದ್ರಿತ ಸಂದೇಶ. ಅದೇ ವರ್ಷದ ಮೇ 19ರಂದು ಕೇಂದ್ರ ಸಂಪರ್ಕ ಆಯೋಗ, ಅಂದರೆ ಎಫ್‌ಸಿಸಿ, ಸಾಮಾನ್ಯ ದೂರವಾಣಿ ಜಾಲಕ್ಕೆ ಕೂಡಿಕೊಂಡ ಇಂಟರ್ನೆಟ್ ಫೋನುಗಳೆಲ್ಲ ಕರೆಯನ್ನು, ಕರೆದವರ ಸಂಖ್ಯೆ ಮತ್ತು ನೋಂದಾಯಿತ ವಿಳಾಸದೊಂದಿಗೆ, ಸ್ಥಳೀಯ ತುರ್ತು ಕೇಂದ್ರಕ್ಕೇ ಮುಟ್ಟಿಸಬೇಕೆಂದು ಆದೇಶಿಸಿತು. ನವೆಂಬರ್ 28 ಗಡುವು. ಸೇವೆಯ ಮಿತಿಗಳನ್ನು ತಿಳಿಸುವ ಎಚ್ಚರಿಕೆ ಚೀಟಿಯನ್ನು ಉಪಕರಣದ ಮೇಲೋ ಪಕ್ಕದಲ್ಲೋ ಅಂಟಿಸಲು ಕೊಡಬೇಕು, ಓದಿ ಒಪ್ಪಿದ್ದೇವೆಂದು ಪ್ರತಿ ಗ್ರಾಹಕರಿಂದಲೂ ಬರೆಸಿಕೊಳ್ಳಬೇಕು ಎಂದೂ ಅದರಲ್ಲಿತ್ತು. ಒಪ್ಪಿಗೆ ಕಳಿಸದವರ ಸಂಪರ್ಕ ಕಡಿಯುವ ಮಾತೂ ಎದ್ದು, ಒಪ್ಪಿಗೆ ಪಡೆಯುವ ಗಡುವು ಮುಂದಕ್ಕೆ ಹೋಯಿತು. ತುರ್ತು ಕರೆಯನ್ನು ಕಾಪಾಡಲು ಫೋನನ್ನೇ ನಿಲ್ಲಿಸುವ ಆಲೋಚನೆ ವಿಚಿತ್ರವಾಗಿಯೇ ಕಾಣುತ್ತದೆ.

ಆದೇಶ ಅಗತ್ಯವಾಗಿತ್ತು, ಕರೆಗಳು ಸರಿಯಾದ ಕೇಂದ್ರ ಸೇರತೊಡಗಿದ್ದೂ ನಿಜ. ಆದರೆ ತಂತಿ ತಾನಾಗಿ ಹೇಳುತ್ತಿದ್ದ ವಿಳಾಸವನ್ನು ಇನ್ನು ಮುಂದೆ ಮನೆಯವರು ನೆನಪಿಟ್ಟು ತಿದ್ದಬೇಕಾಯಿತು. ಮನೆ ಬದಲಿಸುವ ಗಡಿಬಿಡಿಯಲ್ಲಿ ಈ ಕೆಲಸ ಎಷ್ಟು ಜನಕ್ಕೆ ನೆನಪಾದೀತು? ನೆರೆಯ ಕೆನಡಾದಲ್ಲಿ 2008ರಲ್ಲಿ ಕ್ಯಾಲ್ಗರಿಯ ಕುಟುಂಬವೊಂದು ಮಗುವಿಗಾಗಿ ಕರೆ ಮಾಡಿದಾಗ, ಆಂಬುಲೆನ್ಸ್ ಹೋದದ್ದು ಎರಡೂವರೆ ಸಾವಿರ ಕಿಲೋಮೀಟರಿಗೂ ದೂರದ ಮಿಸಿಸಾಗದಲ್ಲಿದ್ದ ಅವರ ಹಳೆಯ ವಿಳಾಸಕ್ಕೆ, ಮಗು ಉಳಿಯಲಿಲ್ಲ.

ಅದೇ ವರ್ಷ ಅಮೆರಿಕದ ಸಂಸತ್ತು, 911 ಜಾಲವನ್ನು ಬಳಸುವ ಹಕ್ಕನ್ನು ಇಂಟರ್ನೆಟ್ ಫೋನು ಸೇವೆಗಳಿಗೆ ಕಾನೂನಿನಿಂದಲೇ ಕೊಟ್ಟಿತು. 2018ರ ಇನ್ನೊಂದು ಕಾನೂನಿನ ಬೆನ್ನಿಗೆ ಬಂದ ನಿಯಮಗಳು, ಒಂದೇ ಕಡೆ ಇರುವ ಫೋನುಗಳಲ್ಲಿ 2021ರ ಜನವರಿಯಿಂದಲೂ, ಊರೂರಿಗೆ ಒಯ್ಯುವಂಥವುಗಳಲ್ಲಿ ಸಾಧ್ಯವಿದ್ದರೆ 2022ರಿಂದಲೂ, ಸ್ಥಳವನ್ನು ಯಂತ್ರವೇ ತಿಳಿಸಬೇಕೆಂದವು. ಸಾಧ್ಯವಿಲ್ಲದಲ್ಲಿ ಗ್ರಾಹಕರು ನೋಂದಾಯಿಸಿದ ವಿಳಾಸವನ್ನು ಬಳಸಬಹುದು.

ಕರೆಂಟಿನ ಪ್ರಶ್ನೆ ಬೇರೆಯೇ ಆಗಿ ಉಳಿದಿದೆ. ತಾಮ್ರದ ತಂತಿಗೆ ವಿದ್ಯುತ್ತು ಎಕ್ಸ್‌ಚೇಂಜಿನಿಂದ ಬರುತ್ತಿತ್ತು. ಮೋಡೆಮ್ಮಿಗೆ ಮನೆಯ ಗೋಡೆಯ ಪ್ಲಗ್ಗೇ ಗತಿ. 2015ರಲ್ಲಿ ಎಫ್‌ಸಿಸಿ, ಎಂಟು ಗಂಟೆ ನಡೆಸಬಲ್ಲ ಬ್ಯಾಟರಿಯನ್ನು ಕೊಳ್ಳುವ ಅವಕಾಶ ಗ್ರಾಹಕರಿಗೆ ಇರಬೇಕೆಂದು ಹೇಳಿತು. ಅದರ ಬೆಲೆಯನ್ನು ಗ್ರಾಹಕರ ಮೇಲೆ ಹಾಕಲು ಕಂಪನಿಗಳಿಗೆ ಅಡ್ಡಿಯಿರಲಿಲ್ಲ.